ಸವಳು ಸೀಮೆಯ ಸಮುದ್ರ

ಕರಾವಳಿಯ ಗೆಳೆಯರು ಬೇಸರ ಮಾಡಿಕೊಳ್ಳಬಾರದು, ಮನೆಯೊಳಗೆ ಸಮುದ್ರ ಸಾಕುವ ಹವ್ಯಾಸ ಅವರಿಗೆ ಒಗ್ಗುವಂಥದಲ್ಲ. ಅದು ನಮ್ಮದು, ರೋಣ, ನರಗುಂದ, ಗಜೇಂದ್ರಗಡದ ಎರೆಹೊಲದ ಮಂದಿಯದು. ಕದ ತೆಗೆದರೆ ಅಲೆ ಕಾಣುವವರಿಗೆ ನೀರಿನ ಲೆಕ್ಕ ಇಡುವ ಗರಜು ಏನಿದೆ? ನಮ್ಮಲ್ಲಿ ಯಾವ ಬಾವಿಯ ನೀರಿಗೆ ಬ್ಯಾಳಿ ಬೇಯುತ್ತದೆ, ಯಾವ ಬೋರಿನದಕ್ಕೆ ಬೇಯುವುದಿಲ್ಲ, ಯಾವ ನೀರಿಗೆ ಸಬಕಾರ ನೊರೆ ಬಿಡದೆ ಮೈಗೆ ಮೆತ್ತಿಕೊಳ್ಳುತ್ತದೆ, ಯಾವ ಊರಿನ ನೀರು ಕುಡಿದವರ ಹಲ್ಲು ಕಂದಾಗುತ್ತವೆ ಎಂಬುದು ಮದುವೆಯ ಮಾತುಕತೆಯಲ್ಲೂ ಬರುತ್ತದೆ. ಹೆಣ್ಣು ಕೊಡುವವರು ಹುಡುಗನ ನೌಕರಿ ವಿಚಾರಿಸಿದ ಮೇಲೆ ಕೇಳುತ್ತಿದ್ದ ಎರಡನೇ ಪ್ರಶ್ನೆ, ನೀರು ಎಲ್ಲಿಂದ ತರಬೇಕು ಎಂಬುದೇ ಆಗಿತ್ತು. ಇಂಥ ಸೀಮೆಯಲ್ಲಿ ಹುಟ್ಟಿದವನಿಗೆ ಹವಳದ ತೊಟ್ಟಿ, ಅಂದರೆ ರೀಫ್ ಟ್ಯಾಂಕ್, ಇಡುವುದಕ್ಕೆ ಬೇಕಾದ ಮುಕ್ಕಾಲು ವಿದ್ಯೆ ಬಾಲ್ಯದಲ್ಲೇ ಆಗಿರುತ್ತದೆ. ಉಳಿದ ಕಾಲುಭಾಗ ದುಡ್ಡು ಮತ್ತು ಮನೆಯವರ ಒಪ್ಪಿಗೆ.

ಸಿಹಿನೀರಿನ ಮೀನಿನ ಪೆಟ್ಟಿಗೆ ನಮ್ಮ ಕಡೆ ಹೊಸದಲ್ಲ. ಸೀರೆ ಅಂಗಡಿಯ ಗಲ್ಲೆಯ ಪಕ್ಕ, ಡಾಕ್ಟರ ಮುಂದಿನ ಕೋಣೆಯಲ್ಲಿ ಗುಳ್ಳೆ ಬಿಡುತ್ತ ಕೂತಿರುತ್ತದೆ. ಸಮುದ್ರದ್ದು ಎಂದಾಗ ಮಾತ್ರ ಜನ ತಿರುಗಿ ನೋಡಿದರು. ರೋಣದ ನಮ್ಮ ಹಳೇ ಮನೆಯ ಪಡಸಾಲೆಗೆ ನೂರು ಲೀಟರಿನ ಗಾಜಿನ ತೊಟ್ಟಿ ಬಂದ ಸುದ್ದಿ ನರಗುಂದಕ್ಕೆ ನನಗಿಂತ ಮೊದಲು ಮುಟ್ಟಿತು. ಅಲ್ಲಿಯ ಸೋದರಮಾವ ಮಹದಾಯಿ ನದಿನೀರಿನ ಧರಣಿಯಲ್ಲಿ ಕೂತೆದ್ದ ಮನುಷ್ಯ. 2015ರ ಜುಲೈನಲ್ಲಿ ನರಗುಂದದಲ್ಲಿ ಶುರುವಾದ ಆ ಹೋರಾಟ ವರ್ಷಗಟ್ಟಲೆ ನಡೆಯಿತು. ಆ ಊರಿಗೆ ನೀರಿನ ಜಗಳ ಹೊಸದೇನಲ್ಲ. 1980ರ ಜುಲೈ 21ರಂದು ರೈತರು ಬಂಡೆದ್ದದ್ದೂ ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಹೇರಿದ ಕರದ ವಿರುದ್ಧವೇ. ಮಾವ ಬಂದವರು ತೊಟ್ಟಿಯನ್ನೊಂದು ಸುತ್ತು ನೋಡಿ, "ತಮ್ಮಾ, ನೀರು ಸಮುದ್ರಕ್ಕ ಹೋಗಬಾರ್ದಂತ ನಾವು ಬೀದ್ಯಾಗ ಕುಂತ್ವಿ. ನೀ ನೋಡಿದ್ರ ಸಮುದ್ರಾನs ಮನೀಗೆ ತಂದು ಅದಕ್ಕ ನೀರು ಹಾಕಾಕತ್ತಿ" ಎಂದರು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಬೇಕಾದದ್ದು 3.9, ನನ್ನ ನೂರು ಲೀಟರಿನಿಂದ ಅದಕ್ಕೆ ಕೊರತೆ ಬೀಳುವುದಿಲ್ಲ ಎಂದೆ. ಮಾವ ನಗಲಿಲ್ಲ.

ಮೊದಲ ಕೆಲಸ ನೀರು. ಹವಳಕ್ಕೆ ಬೇಕಾದ್ದು ಏನೂ ಕರಗಿರದ ನೀರು. ನಮ್ಮ ಬೋರುಗಳಲ್ಲಿ ಸಿಗುವುದು ಎಲ್ಲವೂ ಕರಗಿದ ನೀರು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 2,000 ಎಂದು ಭಾರತೀಯ ಮಾನಕ ಹೇಳುತ್ತದೆ. ಈ 'ಬೇರೆ ಗತಿ ಇಲ್ಲದಿದ್ದರೆ' ಎಂಬ ಮಾತನ್ನು ನಮ್ಮ ತಾಲೂಕುಗಳನ್ನು ನೋಡಿಯೇ ಬರೆದಿರಬೇಕು ಅನಿಸುತ್ತದೆ. ಫ್ಲೋರೈಡಿನ ಕಾಟ ಬೇರೆ. ಅದರ ಪುಣ್ಯದಿಂದಲೇ ಊರೂರಿಗೂ ಶುದ್ಧ ನೀರಿನ ಘಟಕ ಬಂದವು. ನಾಣ್ಯ ಹಾಕಿ, ಇಪ್ಪತ್ತು ಲೀಟರಿನ ಕ್ಯಾನು ಹಿಡಿದು ಪಾಳಿಯಲ್ಲಿ ನಿಲ್ಲುವ ಹುಡುಗರಿಗೆ ಆರ್‌ಒ ಅಂದರೇನು, ಟಿಡಿಎಸ್ ಮೀಟರು ಏನು ತೋರಿಸುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಬೇರೆ ಊರುಗಳಲ್ಲಿ ಹೊಸ ಹವ್ಯಾಸಿಯ ಅರ್ಧ ಸಂಬಳ ನುಂಗುವ ಯಂತ್ರ ನಮ್ಮಲ್ಲಿ ಓಣಿಯ ಮೂಲೆಯಲ್ಲೇ ನಿಂತಿದೆ. ಘಟಕದ ನೀರಿನಲ್ಲೂ ಮೀಟರಿನ ಮುಳ್ಳು ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ. ಅದನ್ನು ಇನ್ನೊಮ್ಮೆ ರೆಸಿನ್ ತುಂಬಿದ ನಳಿಕೆಯಲ್ಲಿ ಹಾಯಿಸಿ ಸೊನ್ನೆ ಮಾಡಿಕೊಂಡೆ.

ಆಮೇಲೆ ಅದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಬೇಕು. ಅವ್ವ ಕ್ಯಾನಿನ ಮಗ್ಗಲಲ್ಲಿ ನಿಂತು ಇದನ್ನು ನೋಡಿದಳು. "ರೊಕ್ಕಾ ಕೊಟ್ಟು ಉಪ್ಪು ತಗಸೀದಿ. ಈಗ ರೊಕ್ಕಾ ಕೊಟ್ಟು ಉಪ್ಪು ಹಾಕತಿ. ಮೊದಲಿನ ಬೋರಿನ ನೀರಿಗೇನಾಗಿತ್ತು?"

ಪ್ರಶ್ನೆ ಅವಳು ತಿಳಿದುಕೊಂಡಷ್ಟು ಹಗುರದ್ದಲ್ಲ, ಮತ್ತು ಈ ಹವ್ಯಾಸದ ತಿರುಳೇ ಅದರಲ್ಲಿದೆ. ಉಪ್ಪು ಅಂದರೆ ಒಂದೇ ಉಪ್ಪಲ್ಲ. ಅಡುಗೆಯ ಉಪ್ಪು ಬಹುಪಾಲು ಬರೀ ಸೋಡಿಯಂ ಕ್ಲೋರೈಡು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಾದರೂ ಸಮುದ್ರದ್ದೇ ಅಲ್ಲವೇ, ಅದನ್ನೇ ಕದಡಿದರೆ ಸಮುದ್ರ ಆಗಬಾರದೇ ಎಂದು ನಾನೂ ಕೇಳಿಕೊಂಡಿದ್ದೆ. ಆಗುವುದಿಲ್ಲ. ಗದ್ದೆಯಲ್ಲಿ ಸಮುದ್ರದ ನೀರು ಬಿಸಿಲಿಗೆ ಇಂಗುತ್ತಿದ್ದಂತೆ ಮೊದಲು ಸುಣ್ಣ ತಳಕ್ಕೆ ಕೂಡುತ್ತದೆ, ಆಮೇಲೆ ಜಿಪ್ಸಂ, ಅದರ ಹಿಂದೆ ನಾವು ತಿನ್ನುವ ಉಪ್ಪಿನ ಹರಳು. ಮೆಗ್ನೀಸಿಯಂ ಕೊನೆಯ ತನಕ ಕಹಿ ರಸದಲ್ಲೇ ಉಳಿದು, ಅದನ್ನು ಹೊರಗೆ ಹರಿಸಿಬಿಡುತ್ತಾರೆ. ಅಂದರೆ ಒಳ್ಳೆಯ ಉಪ್ಪು ಮಾಡುವ ಜಾಣತನವೇ ಸಮುದ್ರದ ಉಳಿದೆಲ್ಲವನ್ನು ಒಂದೊಂದಾಗಿ ಹೊರಗಿಡುವುದು. ಹವಳಕ್ಕೆ ಬೇಕಾದ್ದು ಆ ಹೊರಗಿಟ್ಟವೇ: ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1,300ರ ಆಸುಪಾಸು, ಜೊತೆಗೆ ನೀರಿನ ಕ್ಷಾರಬಲ. ಹಾಗಾಗಿ ಅಳತೆ ಹಚ್ಚಿ ಕೂಡಿಸಿದ ಉಪ್ಪಿನ ಚೀಲವನ್ನೇ ತರಿಸಬೇಕು. ಸಮುದ್ರ ದೂರ ಇದ್ದವರು ಅದನ್ನು ಪುಡಿಯಿಂದ ಕಲಸುವುದು ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ 1854ರಲ್ಲೇ ಕೃತಕ ಸಮುದ್ರದ ನೀರಿನ ಪಾಕ ಪ್ರಕಟಿಸಿದ್ದ.

ನರಗುಂದದ ಕಾಲುವೆಗುಂಟ ಹೊಲ ಇದ್ದವರಿಗೆ ಈ ರಸಾಯನ ಹೊಸದಲ್ಲ. ನೀರು ಹೆಚ್ಚಾಗಿ, ಬಸಿದು ಹೋಗಲು ದಾರಿಯಿಲ್ಲದೆ, ಎರೆಮಣ್ಣಿನ ಆಳದ ಉಪ್ಪೆಲ್ಲ ಮೇಲೆದ್ದು ಬಂದದ್ದೇ ಸವಳು-ಜವಳು. ಸೋಡಿಯಂ ಹಿಡಿದ ಎರೆ ಮಳೆ ಬಿದ್ದರೆ ಜಿಡ್ಡಾಗುತ್ತದೆ, ಒಣಗಿದರೆ ಬೀರಿ ಕಲ್ಲಾಗುತ್ತದೆ, ಬೀಜ ಮೊಳೆಯಗೊಡುವುದಿಲ್ಲ. ಅದಕ್ಕೆ ಮದ್ದು ಎಂದು ಕೃಷಿ ಇಲಾಖೆಯವರು ಹೇಳುವುದು ಜಿಪ್ಸಂ: ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸಿ ತಾನು ಕೂಡುತ್ತದೆ. ಹೊಲದಲ್ಲಿ ಹೀಗೆ ಒಂದನ್ನೊಂದು ಎಬ್ಬಿಸುವ ಈ ಎರಡೂ ನನ್ನ ತೊಟ್ಟಿಯಲ್ಲಿ ಮಾತ್ರ ಒಂದೇ ಪಂಕ್ತಿಗೆ ಕೂತು ಉಣ್ಣಬೇಕು.

ನೀರಾಯಿತು, ಕಲ್ಲು ಬೇಕು. ಹವ್ಯಾಸಿಗಳು 'ಜೀವಂತ ಕಲ್ಲು' ಎನ್ನುವುದು ಹವಳದ ದಿಬ್ಬದಿಂದ ಮುರಿದುಬಿದ್ದ, ಒಳಗೆಲ್ಲ ತೂತು ತೂತಾಗಿ ಸೂಕ್ಷ್ಮಜೀವಿ ತುಂಬಿಕೊಂಡ ಕಲ್ಲು. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು ಇಂಥ ಕಲ್ಲು ಮತ್ತು ಬರೀ ಗಾಳಿಗುಳ್ಳೆಯ ಬಲದ ಮೇಲೆ ಹವಳ ಬದುಕಿಸಿ 1961ರಲ್ಲಿ ಬರೆದರು. ಇಂದಿನ ತೊಟ್ಟಿಗಳೆಲ್ಲ ಆ ದಾರಿ ಹಿಡಿದವೇ. ಆದರೆ ನಮ್ಮ ಸಮುದ್ರದ ಕಲ್ಲುಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ, ಹುಲಿ ಆನೆಗಳ ಸಾಲಿಗೆ ಸೇರಿಸಿದ್ದಾರೆ. ಸೇರಿಸಿದ್ದು ಸರಿಯೇ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ಅಲ್ಲೇ ಇರಲಿ; ನನ್ನ ಪಡಸಾಲೆಗೆ ಸಮುದ್ರದಿಂದ ಕಿತ್ತದ್ದು ಏನೂ ಬರಬಾರದು ಎಂದು ಮೊದಲೇ ಕಟ್ಟು ಹಾಕಿಕೊಂಡಿದ್ದೆ. ಹಾಗಾಗಿ ಕಲ್ಲನ್ನು ಮಾಡಿಸುವುದೇ ಉಳಿದ ದಾರಿ: ಸಿಮೆಂಟು, ಚಿಪ್ಪಿನ ಚೂರು, ದಪ್ಪ ಹರಳುಪ್ಪು ಕಲಸಿ ಗಟ್ಟಿ ಮಾಡಿ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಕರಗಿ ತೂತು ಉಳಿಯುತ್ತದೆ.

ಗೌಂಡಿಯನ್ನು ಕರೆಸಿದೆ. ರೋಣ, ಸೂಡಿ, ಗಜೇಂದ್ರಗಡದ ಸುತ್ತ ಗೋಡೆ ಕಟ್ಟಿ ಹೆಸರು ಮಾಡಿದ ಮನುಷ್ಯ. ಚಾಲುಕ್ಯರ ಕಾಲದ ಸೂಡಿಯ ನಾಗಕುಂಡದ ಕಲ್ಲುಗೋಡೆಯನ್ನು ಕೈಯಿಂದ ಸವರಿ ನೋಡಿ, "ಇದು ಕೆಲಸ" ಎನ್ನುವಂಥವರು. ನಾನು ಹೇಳಿದ್ದು ಕೇಳಿ ಅವರ ಮುಖ ಸಣ್ಣದಾಯಿತು. "ಅಂದ್ರ ವಾರೆ ಇರಬೇಕು, ತೂತು ಇರಬೇಕು, ಮೇಲೆ ಗಿಲಾಯಿ ಮಾಡಬಾರದು? ಸರ, ಇದನ್ನ ನಾ ಮಾಡೀನಂತ ಯಾರಿಗೂ ಹೇಳಬ್ಯಾಡ್ರಿ." ಕರಣಿಯನ್ನು ಅವರು ಚೀಲದಿಂದ ತೆಗೆಯಲೇ ಇಲ್ಲ, ಕೈಯಲ್ಲೇ ಉಂಡೆ ಕಟ್ಟಿದರು. ಒಂದು ಉಂಡೆಯ ಮೈಯನ್ನು ಅರಿವಿಲ್ಲದೆ ಹೆಬ್ಬೆಟ್ಟಿನಿಂದ ನಯ ಮಾಡುತ್ತಿದ್ದವರು ನನ್ನ ಮುಖ ನೋಡಿ ನಿಲ್ಲಿಸಿದರು. ತೊಟ್ಟಿಯ ಎಡಮೂಲೆಯಲ್ಲಿ ಆ ಕಲ್ಲು ಇವತ್ತಿಗೂ ಒಂದು ಮಗ್ಗಲು ನುಣ್ಣಗಿದೆ, ಅಲ್ಲಿ ಏನೂ ಬೆಳೆಯುವುದಿಲ್ಲ. ಹಸಿ ಸಿಮೆಂಟು ನೀರನ್ನು ಕ್ಷಾರ ಮಾಡುತ್ತದೆ. ಕಲ್ಲುಗಳು ಹಿತ್ತಲಿನ ದೋಣಿಯಲ್ಲಿ ತಿಂಗಳುಗಟ್ಟಲೆ ನೆನೆದು, ನೀರು ಬದಲಾಗಿ ಬದಲಾಗಿ, ಹುಳಿ-ಕ್ಷಾರದ ಅಳತೆ 8.2ಕ್ಕೆ ಬಂದು ನಿಂತ ಮೇಲೆ ಒಳಗೆ ಬಂದವು.

ಆ ಸಿಮೆಂಟು ಬಾಗಲಕೋಟೆ ಕಡೆಯದು, ಮತ್ತು ಅದರ ಹುಟ್ಟು ಸಮುದ್ರದ್ದೇ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಭೂವಿಜ್ಞಾನ ಬರೆಯುವಾಗ ಕಲಾದಗಿಯ ಹೆಸರಿಟ್ಟು ಗುರುತಿಸಿದ ಆ ಕಲ್ಲಿನ ಪದರುಗಳಲ್ಲಿ ಸುಣ್ಣಕಲ್ಲು ಇದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ತೆಳುವಾದ ಸಮುದ್ರ ಇತ್ತು. ಹವಳ ಇನ್ನೂ ಹುಟ್ಟಿರಲಿಲ್ಲ, ಮೀನೂ ಇಲ್ಲ. ಸೂಕ್ಷ್ಮಜೀವಿಗಳ ಜಿಗುಟು ಪರೆಗಳು ಪದರ ಪದರವಾಗಿ ಸುಣ್ಣ ಹಿಡಿದಿಟ್ಟು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಗುಬುಟುಗಳು ಲೋಕಾಪುರದ ಕಡೆಯ ಬಂಡೆಗಳಲ್ಲಿ ಕಾಣುತ್ತವೆ. ಮಾವನಿಗೆ ಉತ್ತರ ಕೊಡಲು ಇದು ಒಳ್ಳೆಯ ವಾದ ಎಂದುಕೊಂಡಿದ್ದೆ: ಸಮುದ್ರ ತಂದವನು ನಾನಲ್ಲ, ಮೊದಲೇ ಇತ್ತು. ಹೇಳಿದೆ. "ಇತ್ತಲ್ಲಾ, ಈಗ ಹೋತಲ್ಲಾ" ಎಂದರು.

ಕಲ್ಲು ನೀರು ಕೂಡಿದ ಮೇಲೆ ಬರುವುದು ಈ ಹವ್ಯಾಸದ ಅತ್ಯಂತ ಬೇಸರದ, ನನ್ನ ಮಟ್ಟಿಗೆ ಅತ್ಯಂತ ಸೊಗಸಿನ ಕಾಲ. ತೊಟ್ಟಿಯಲ್ಲಿ ಏನೂ ಇರುವುದಿಲ್ಲ. ಮೀನಿನ ಹೊಲಸು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡಿದ ಮೇಲೆ ನೀರು ವಾಸಕ್ಕೆ ಬರುತ್ತದೆ. ಈ ಎರಡೂ ಪಾಳಿಯ ಕೆಲಸಗಾರರು ಕಲ್ಲಿನ ತೂತುಗಳಲ್ಲಿ ಬೀಡು ಬಿಡಲು ನಾಲ್ಕರಿಂದ ಆರು ವಾರ ಬೇಕು. ಯೂರಿಯಾ ಎರಚಿದ ಹೊಲದಲ್ಲಿ ಆಗುವುದೂ ಇದೇ, ಆದ್ದರಿಂದ ಓಣಿಯ ರೈತರಿಗೆ ತಿಳಿಸುವುದು ಕಷ್ಟವಾಗಲಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಮೊದಲ ತುತ್ತು ಎಂದು ಬೇರೆಯವರು ಒಂದು ಹಸಿ ಸಿಗಡಿ ಒಳಗೆ ಹಾಕಿ ಕೊಳೆಯಲು ಬಿಡುತ್ತಾರೆ. ದಿನಾ ಇಷ್ಟಲಿಂಗ ಪೂಜೆ ಆಗುವ ಮನೆಯಲ್ಲಿ ಅದು ಬಾಯಿಬಿಟ್ಟು ಹೇಳುವ ಮಾತೂ ಅಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಗೆಳೆಯ ಒಂದು ಚಿಟಿಕೆ ಅಮೋನಿಯಂ ಕ್ಲೋರೈಡ್ ಕೊಟ್ಟ. ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುತ್ತಿದ್ದ ನವಸಾಗರ, ಇನ್ನಷ್ಟು ಶುದ್ಧ ಮಾಡಿದ್ದು.

ಅಷ್ಟೂ ವಾರ ನೋಡಲು ಬಂದವರದು ಒಂದೇ ಪ್ರಶ್ನೆ, "ಮೀನ ಎಲ್ಲಿ?" ಇನ್ನೂ ಇಲ್ಲ ಎಂದರೆ ಕಲ್ಲಿನ ಹಿಂದೆ ಅಡಗಿವೆ ಎಂದುಕೊಂಡು ಕಾಯುತ್ತಿದ್ದರು. ಚಹಾ ಕುಡಿದು ಹೋಗುವಾಗ ಒಬ್ಬ ಹಿರಿಯರು ಹೊಸ್ತಿಲಲ್ಲಿ ನಿಂತು, "ಒಂದು ಕಂಡಂಗಾತು" ಎಂದು ಸಮಾಧಾನ ಹೇಳಿ ಹೋದರು. ಆಮೇಲೆ ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಕಂದು ಧೂಳಿನಂಥ ಡಯಾಟಮ್ ಪಾಚಿ ಹರಡಿತು. ಹೊಸ ತೊಟ್ಟಿಗೆ ಇದು ಬರಲೇಬೇಕಾದ ದಡಾರ, ತಾನೇ ಇಳಿಯುತ್ತದೆ, ಉಳಿದದ್ದನ್ನು ಬಸವನಹುಳಗಳು ಮೇಯುತ್ತವೆ.

ಬೇಸಿಗೆಯ ಬಗ್ಗೆ ಎಲ್ಲರೂ ಹೆದರಿಸಿದ್ದರು. ತೊಟ್ಟಿ 24ರಿಂದ 27 ಡಿಗ್ರಿ ಒಳಗಿರಬೇಕು, ನಮ್ಮ ಏಪ್ರಿಲ್ ಬಿಸಿಲು ಸಲೀಸಾಗಿ 38 ದಾಟುತ್ತದೆ. ಇಲ್ಲಿಯೂ ನಮ್ಮ ಸೀಮೆ ಕೈ ಬಿಡಲಿಲ್ಲ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ, ಮೊಳಕ್ಕೂ ಮಿಕ್ಕಿದ ಗೋಡೆ, ನೇರ ಬಿಸಿಲು ಬೀಳದ ಒಂದೇ ಬೆಳಕಿಂಡಿ. ಆರ್‌ಸಿಸಿ ಮನೆ ಕಟ್ಟಿದ ಅಣ್ಣ ನನಗಿಂತ ಹೆಚ್ಚು ಬೆವರುತ್ತಾನೆ. ನೀರಿನ ಮೇಲೆ ಸಣ್ಣ ಫ್ಯಾನ್ ಹಚ್ಚಿದರೆ ನೀರು ಆರುತ್ತ ಆರುತ್ತ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಗಾಳಿ ಒಣಗಿದ್ದಷ್ಟೂ ಈ ಉಪಾಯ ಜೋರು. ಮಂಗಳೂರಿನ ಒದ್ದೆ ಗಾಳಿಯಲ್ಲಿ ಈ ಆಟ ಇಷ್ಟು ನಡೆಯುವುದಿಲ್ಲ, ಅಲ್ಲಿಯವರು ದುಬಾರಿ ಚಿಲ್ಲರ್ ಕೊಳ್ಳಬೇಕು. ಆದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ದಟ್ಟವಾಗುತ್ತದೆ. ಇಳಿದಷ್ಟು ಸಿಹಿನೀರನ್ನೇ ದಿನಾ ಹಾಕಬೇಕು. ಬೇರೆ ಕಡೆಯ ಹೊಸಬರಿಗೆ ಇದನ್ನು ಪಟ್ಟಾಗಿ ಕೂಡಿಸಿ ತಿಳಿಸಬೇಕಾಗುತ್ತದೆ. ಅವ್ವನಿಗೆ ಒಂದು ಮಾತೂ ಹೇಳಬೇಕಾಗಲಿಲ್ಲ. ಗಾಜಿನ ಅಂಚಿಗೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಉಗುರಿನಿಂದ ಕೆರೆದು, "ಸವಳು ಏರಾಕತ್ತೈತಿ" ಎಂದು ತಾನೇ ಕ್ಯಾನು ಎತ್ತಿದಳು. ಈಗ ಗಾಜಿನ ಮೇಲೆ ಕುಂಕುಮದ ಗೆರೆ ಎಳೆದಿದ್ದಾಳೆ. ನೀರು ಅದಕ್ಕಿಂತ ಒಂದು ಬಟ್ಟು ಇಳಿದರೆ ನನಗೆ ಕಾಲೇಜಿಗೆ ಫೋನು ಬರುತ್ತದೆ.

ಕರೆಂಟಿನದು ಬೇರೆ ಪುರಾಣ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ರಾಜಗಾಂಭೀರ್ಯದಿಂದ ತಿರುಗುತ್ತಲೇ ಇರುತ್ತವೆ, ಕೆಳಗೆ ನಮ್ಮ ಮನೆಯ ಪಂಪು ನಿಂತಿರುತ್ತದೆ. ಪಂಪು ನಿಂತರೆ ಅಲೆ ಇಲ್ಲ, ಅಲೆ ಇಲ್ಲದಿದ್ದರೆ ನೀರಿಗೆ ಆಮ್ಲಜನಕ ಇಲ್ಲ. ಇನ್‌ವರ್ಟರ್ ಕೈಕೊಟ್ಟ ರಾತ್ರಿ ಮಗ್ಗಿನಲ್ಲಿ ನೀರು ತುಂಬಿ ಮೇಲಿನಿಂದ ಸುರಿಯುತ್ತ ಕೂಡುವುದೇ. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕಿಯ ದಂಡೆಯಿಂದ ಜೀವಂತ ಹವಳವನ್ನು ಲಂಡನ್ನಿನ ಮನೆಗೆ ತಂದು, ತೆರೆದ ಕಿಟಕಿಯ ಮುಂದೆ ಆಳಿನ ಹೆಂಗಸಿನಿಂದ ನೀರನ್ನು ಆ ಪಾತ್ರೆಯಿಂದ ಈ ಪಾತ್ರೆಗೆ ಹೊಯ್ಯಿಸಿ ಅವನ್ನು ಉಳಿಸಿಕೊಂಡಳು. ಇತಿಹಾಸದಲ್ಲಿ ಹೆಸರು ಉಳಿದದ್ದು ಆಕೆಯದು. ನೀರು ಹೊಯ್ದವಳ ರಟ್ಟೆ ಎಷ್ಟು ನೋಯುತ್ತದೆ ಎಂದು ನಾನು ಹೇಳಬಲ್ಲೆ.

ಕೊನೆಗೂ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೊಯಾಂಥಿಡ್ ಬಂತು. ಕಲ್ಲು ಕಟ್ಟದ ಮೆತ್ತನೆಯ ಜಾತಿ, ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದು ತುಂಡಾಗಿ ಬಂದದ್ದು. ಬಂದ ದಿನ ಮುದುಡಿದ ಗುಂಡಿಗಳಷ್ಟೇ ಕಂಡವು. ಮರುದಿನ ನೀಲಿ ದೀಪ ಹತ್ತಿ ಸ್ವಲ್ಪ ಹೊತ್ತಿಗೆ ಒಂದು ಗುಂಡಿಯ ನಡುವೆ ಸೀಳು ಬಿತ್ತು. ಅಂಚು ಹೊರಮಗುಚಿತು. ಅಂಚಿನ ಸುತ್ತ ಕಿತ್ತಳೆ ಬಣ್ಣದ ಎಳೆಗಳು ಒಂದೊಂದೇ ಬಿಚ್ಚಿಕೊಂಡು, ನಡುವಿನ ಹಸಿರು ತಟ್ಟೆಯಲ್ಲಿ ಗೀರಿನಷ್ಟು ಬಾಯಿ ಕಂಡಿತು. ಅದರ ಒಳಗೆ ವಾಸವಾಗಿರುವ ಪಾಚಿ ಬೆಳಕಿನಿಂದ ಅನ್ನ ಮಾಡಿ ಮನೆಯೊಡೆಯನಿಗೆ ಉಣಿಸುತ್ತದೆ. ಆದರೂ ಬಾಯಿ ಇದ್ದದ್ದಕ್ಕೆ ಆಗಾಗ ಏನಾದರೂ ಬೇಕು. ಆ ಏನಾದರೂ ಅಂದರೆ ಹೆಪ್ಪುಗಟ್ಟಿಸಿದ ಸಿಗಡಿಯ ಪುಡಿ, ಅದಕ್ಕೆ ಫ್ರೀಜರ್ ಬೇಕು. ಈ ವಿಷಯದಲ್ಲಿ ಹೆಂಡತಿಯೊಂದಿಗೆ ಒಪ್ಪಂದವಾಗಿ, ಪಡಸಾಲೆಯಲ್ಲಿ ಬೇರೆಯೇ ಒಂದು ಪುಟ್ಟ ಫ್ರಿಜ್ ಇದೆ. ಮಡಿ ಹುಡಿಯ ಮಾತು ಬಂದರೆ ಅದು ಮನೆಯದಲ್ಲ, ಸಮುದ್ರದ್ದು.

ಆಮೇಲೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ಕ್ಲೌನ್ ಮೀನು. ಈ ಜಾತಿಯನ್ನು ಸೆರೆಯಲ್ಲಿ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಸಾಧಿಸಿದ್ದಾರೆ, ಸಮುದ್ರಕ್ಕೆ ಬಲೆ ಹಾಕಬೇಕಿಲ್ಲ. ಇವೆಲ್ಲ ಹುಟ್ಟುವಾಗ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಗಂಡ ಹೆಣ್ಣಾಗಿ ಮನೆ ಹಿಡಿಯುತ್ತಾನೆ ಎಂದು ವಿವರಿಸಿದಾಗ ಹೊಳೆಆಲೂರಿನ ಅತ್ತೆ, "ಅದ್ರಾಗೇನೈತಿ ಹೊಸಾದು? ಯಜಮಾನಿಕಿ ಹೆಂಗಸಿಂದು ಅಂತ ಮೀನಕ್ಕರೆ ತಿಳೀತಲ್ಲ" ಎಂದಳು.

ಕಳೆದ ಸಲ ಮಾವ ನರಗುಂದದಿಂದ ಬಂದವರು ಚಹಾ ಕುಡಿಯಲಿಲ್ಲ, ಧೋತರದ ಮಡಿಕೆಯಿಂದ ಒಂದು ಬಾಟಲಿ ತೆಗೆದು ಮುಂದಿಟ್ಟರು. ಕಾಲುವೆಯ ಕೆಳಗಿನ ಸವಳು ಹೊಲದ ಬಾವಿಯ ನೀರು. "ಇದರ ಉಪ್ಪು ನೋಡು" ಎಂದರು. ಎರಡು ಹನಿ ಗಾಜಿನ ಮೇಲೆ ಬಿಟ್ಟು ರಿಫ್ರಾಕ್ಟೊಮೀಟರನ್ನು ಬೆಳಕಿಗೆ ಹಿಡಿದು ಅವರಿಗೇ ತೋರಿಸಿದೆ. ಸಮುದ್ರಕ್ಕಿಂತ ಎಷ್ಟೋ ಕಡಿಮೆ, ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು. ಹರಿಯಾಣದಲ್ಲೂ ಇಂಥದೇ ಸವಳು ಭೂಮಿ ಇದೆ, ರೋಹ್ತಕ್ ಹತ್ತಿರದ ಲಾಹ್ಲಿಯಲ್ಲಿ ಮೀನುಗಾರಿಕಾ ಶಿಕ್ಷಣ ಸಂಸ್ಥೆಯವರು ಉಪ್ಪಿನ ಅಂತರ್ಜಲದಲ್ಲೇ ಸಿಗಡಿ ಬೆಳೆಸುವುದನ್ನು ರೈತರಿಗೆ ಕಲಿಸಿದ್ದಾರೆ ಎಂದೆ. ಸಿಗಡಿ ಎಂಬ ಮಾತಿಗೆ ಅವ್ವ ಒಳಗಿನಿಂದ ಕೆಮ್ಮಿದಳು. ಮಾವ ಕಿವಿಗೊಡಲಿಲ್ಲ.

"ತಿನ್ನಾಕಲ್ಲಲ್ಲ, ಮಾರಾಕ. ಇದ್ರಾಗ ಬದುಕ್ತಾವೇನು?"

ಹಾಗೇ ಬಿಟ್ಟರೆ ಬದುಕುವುದಿಲ್ಲ, ಹೊಲದ ಉಪ್ಪುನೀರಿನಲ್ಲಿ ಸಮುದ್ರದಷ್ಟು ಪೊಟ್ಯಾಸಿಯಂ ಇರುವುದಿಲ್ಲ, ಅದನ್ನು ಮಣ್ಣು ಹಿಡಿದುಕೊಂಡುಬಿಟ್ಟಿರುತ್ತದೆ, ಅಳೆಸಿ ನೋಡಿ ಕಡಿಮೆ ಬಿದ್ದದ್ದನ್ನು ಕೂಡಿಸಬೇಕು, ಅದರ ಮೊದಲು ಈ ನೀರು ಬಸಿದು ಪಕ್ಕದವರ ಹೊಲಕ್ಕೆ ಇಳಿಯದಂತೆ ಹೊಂಡ ಕಟ್ಟುವುದು ಹೇಗೆಂದು ನೋಡಬೇಕು ಎಂದೆಲ್ಲ ಹೇಳಿದೆ.

"ಪೊಟ್ಯಾಸಿಯಂ ಅಂದ್ರ, ಉಳ್ಳಾಗಡ್ಡಿಗೆ ಹಾಕತೇವಲ್ಲ, ಆ ಕೆಂಪು ಪೊಟ್ಯಾಶಿನ ಚೀಲ?"

"ಅದೇ."

"ಮನ್ಯಾಗ ಮೂರು ಅದಾವು" ಎಂದು ಮಾವ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.